ತಮ್ಮನ ಪಿಂಚಣಿ ಮಾಡಿಸಿದ ನನ್ನ ಅನುಭವ

ಅಂಗವಿಕಲರ ಪಿಂಚಣಿ ಅಂದ ತಕ್ಷಣ ಎಲ್ಲರೂ ನಾಡಕಚೇರಿಯ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಅರ್ಜಿ ಎಲ್ಲಿಗೆ ಬಂತು, ವಿಎ (ಗ್ರಾಮ ಲೆಕ್ಕಿಗರು) ವರದಿ ಹಾಕಿದ್ರಾ, ತಹಶೀಲ್ದಾರ್ ಮಂಜೂರು ಮಾಡಿದ್ರಾ ಅಂತ. ಅದೂ ಬೇಕು, ಇಲ್ಲ ಅನ್ನಲ್ಲ. ಆದರೆ ತಿಂಗಳಿಗೆ ಎಷ್ಟು ಬರುತ್ತದೆ ಅನ್ನೋದು ಅದಕ್ಕೂ ಮೊದಲೇ, ಆಸ್ಪತ್ರೆಯಲ್ಲಿ, ಸರ್ಟಿಫಿಕೇಟಿನ ಮೇಲೆ ಶೇಕಡಾ ಬರೆಯುವಾಗಲೇ ತೀರ್ಮಾನ ಆಗಿಬಿಡುತ್ತದೆ. ನನ್ನ ತಮ್ಮನಿಗೆ ಮಾಡಿಸಿದ ಮೇಲೆ ಇದನ್ನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ತಮ್ಮನಿಗೆ ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ. ಕರ್ನಾಟಕದಲ್ಲಿ ಶೇ 40ಕ್ಕಿಂತ ಕಡಿಮೆ ಅಂತ ಬರೆದರೆ ಪಿಂಚಣಿಯೇ ಇಲ್ಲ. ನಾವು ಅರ್ಜಿ ಹಾಕಿದಾಗ 40 ದಾಟಿದವರಿಗೆ ತಿಂಗಳಿಗೆ 800 ರೂಪಾಯಿ, 75 ದಾಟಿದವರಿಗೆ 1,400. ಅದರಲ್ಲೂ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ ಥರದ್ದು 75ಕ್ಕಿಂತ ಜಾಸ್ತಿ ಇದ್ದರೆ 2,000. ಅಂದರೆ ಒಂದು ಅಂಕಿಯ ಮೇಲೆ ಮನೆಗೆ ಬರುವ ದುಡ್ಡು ಎರಡು ಪಟ್ಟಿಗಿಂತ ಜಾಸ್ತಿ ಹೆಚ್ಚು ಕಡಿಮೆ ಆಗುತ್ತದೆ.

ಈ ಅಂಕಿ ಹೇಗೆ ಬರುತ್ತದೆ ಅಂತ ಗೊತ್ತಿರಬೇಕು. ಬೌದ್ಧಿಕ ಅಂಗವೈಕಲ್ಯಕ್ಕೆ ಬರೀ ಐಕ್ಯೂ ನೋಡಲ್ಲ. ಮನೆಯವರನ್ನು ಕೂರಿಸಿಕೊಂಡು ದಿನನಿತ್ಯದ ಕೆಲಸಗಳ ಬಗ್ಗೆ ಒಂದೊಂದಾಗಿ ಕೇಳುತ್ತಾರೆ. ಊಟ, ಸ್ನಾನ, ಬಟ್ಟೆ, ದುಡ್ಡು ಎಣಿಸೋದು, ಒಬ್ಬನೇ ಹೊರಗೆ ಹೋಗೋದು. ಅದಕ್ಕೆ ಅಂಕ ಕೊಟ್ಟು 55 ರಿಂದ 69 ಬಂದರೆ ಶೇ 50, 36 ರಿಂದ 54 ಬಂದರೆ ಶೇ 75, 21 ರಿಂದ 35 ಬಂದರೆ ಶೇ 90, ಅದಕ್ಕೂ ಕೆಳಗಾದರೆ ಶೇ 100. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಹೀಗೇ ಇತ್ತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಮೇಡಂ ನಮ್ಮಮ್ಮನನ್ನು ಕೇಳಿದರು, "ಸ್ನಾನ ತಾನೇ ಮಾಡ್ಕೋತಾನಾ?" ಅಮ್ಮ "ಮಾಡ್ಕೋತಾನೆ ಮೇಡಂ" ಅಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ಹಾಕಿದೆ. ಅವನು ಮಾಡೋದು ಇಷ್ಟೇ, ಚೊಂಬಲ್ಲಿ ಮೈಮೇಲೆ ನೀರು ಹುಯ್ದುಕೊಳ್ಳುತ್ತಾನೆ. ನೀರು ತೋಡಿ ಬೆರೆಸಿ ಬಿಸಿ ನೋಡೋದು ಅಮ್ಮ. ಸೋಪು ಹಚ್ಚೋದು ಅಮ್ಮ. "ಸಾಕು ಏಳು" ಅಂತ ಹೇಳೋವರೆಗೂ ಬಕೆಟ್ ಖಾಲಿಯಾದರೂ ಅವನು ಏಳೋದಿಲ್ಲ, ಟವೆಲ್ಲು ಕೈಗೆ ಕೊಟ್ಟರೂ ತಲೆ ಒರೆಸಿಕೊಳ್ಳೋದು ಗೊತ್ತಿಲ್ಲ. ಇದನ್ನೆಲ್ಲ ಹೇಳಿದ ಮೇಲೆ ಅವರೂ ಪೆನ್ನು ಕೆಳಗಿಟ್ಟು ಅಮ್ಮನನ್ನು ಬಿಡಿಸಿ ಬಿಡಿಸಿ ಕೇಳೋಕೆ ಶುರು ಮಾಡಿದರು.

ತಾಯಂದಿರಿಗೆ ಮಗ ಇಷ್ಟಾದರೂ ಕಲಿತನಲ್ಲ ಅನ್ನೋ ಸಂತೋಷ ಇರುತ್ತದೆ. ಎಷ್ಟೋ ವರ್ಷ ಪಟ್ಟ ಪಾಡು ಅದು. ಅದಕ್ಕೇ ಮಾಡೋದನ್ನೇ ಮೊದಲು ಹೇಳುತ್ತಾರೆ, ಜತೆಗೆ ತಾವು ಮಾಡೋ ಕೆಲಸ ಅವರಿಗೆ ಲೆಕ್ಕಕ್ಕೇ ಬರೋದಿಲ್ಲ. ಇಲ್ಲದ್ದನ್ನು ಸೇರಿಸಿ ಹೇಳಿ ಅಂತ ನಾನು ಹೇಳುತ್ತಿಲ್ಲ. ಯಾರೂ ಹತ್ತಿರ ಇಲ್ಲದಿದ್ದರೆ ಆ ಕೆಲಸ ಪೂರ್ತಿ ಆಗುತ್ತಾ ಅಂತ ಯೋಚಿಸಿ ಉತ್ತರ ಕೊಡಿ. ಹೋಗುವ ಹಿಂದಿನ ವಾರ ಒಂದು ಹಾಳೆಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ಸಹಾಯ ಬೇಕಾಗುತ್ತೆ ಅಂತ ಬರೆದುಕೊಳ್ಳಿ. ತಮ್ಮನಿಗೆ ಶೇ 90 ಬಂತು, ನೀಲಿ ಕಾರ್ಡ್. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ, ಶೇ 80 ಮತ್ತು ಅದಕ್ಕಿಂತ ಮೇಲಿದ್ದರೆ ನೀಲಿ, 40 ರಿಂದ 79 ಹಳದಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ.

ಮಕ್ಕಳ ಸರ್ಟಿಫಿಕೇಟ್ ಶಾಶ್ವತ ಅಲ್ಲ ಅನ್ನೋದೂ ನೆನಪಿರಲಿ. 5, 10 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಇರುತ್ತದೆ, 18ಕ್ಕೆ ಕೊಡುವುದು ಜೀವನಪೂರ್ತಿ ನಡೆಯುತ್ತದೆ. ಯುಡಿಐಡಿ ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ನಮಗೆ ಅದನ್ನು ಹಾಕಿಕೊಟ್ಟಿದ್ದು ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ಅಂಗವಿಕಲರೇ, ಕಷ್ಟ ಗೊತ್ತು. ಸುಮ್ನೆ ಮಧ್ಯವರ್ತಿಗಳಿಗೆ ದುಡ್ಡು ಕೊಡೋ ಮೊದಲು ಅವರನ್ನು ಹೋಗಿ ನೋಡಿ.

ನಾಡಕಚೇರಿಯ ಕೆಲಸ ಅದರ ಮುಂದೆ ಸಲೀಸು. ಆದಾಯ ಪ್ರಮಾಣಪತ್ರ ಮೊದಲು ಮಾಡಿಸಿಕೊಳ್ಳಿ, ಮನೆಯ ವರ್ಷದ ವರಮಾನ 32,000 ರೂಪಾಯಿ ಒಳಗೆ ಇರಬೇಕು. ಆಧಾರ್, ರೇಷನ್ ಕಾರ್ಡ್, ಯುಡಿಐಡಿ ಮೂರರಲ್ಲೂ ಹೆಸರು ಒಂದೇ ಥರ ಇರಲಿ, ಇನಿಷಿಯಲ್ ಹಿಂದೆ ಮುಂದೆ ಆದರೂ ತೊಂದರೆ. ಅರ್ಜಿ ಕೊಟ್ಟ ರಸೀದಿ ಜೋಪಾನ.

ಆದೇಶಪತ್ರ ಬಂದ ಮೇಲೂ ದುಡ್ಡು ಬರಲಿಲ್ಲ ಅನ್ನೋರು ಬಹಳ ಜನ. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರು ಹೇಳುತ್ತಾರೆ, ಅದು ನಿಜವೂ ಇರುತ್ತದೆ. ಆದರೆ ಸರ್ಕಾರದ ದುಡ್ಡು ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್ ಅಂತ ಬೇರೆ ಆಗಬೇಕು, ಅಂದರೆ ಆ ಆಧಾರ್ ನಂಬರಿನ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಗುರುತು ಹಾಕೋದು. ಅದು ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದದ್ದಕ್ಕೆ ಹೋಗುತ್ತದೆ, ಹಳೇ ಪಾಸ್‌ಬುಕ್ ನೋಡಿ ಬಂದಿಲ್ಲ ಅಂತ ಕೊರಗುತ್ತಾ ಕೂರುತ್ತೇವೆ. ಬ್ಯಾಂಕಿನಲ್ಲಿ ಫಾರಂ ಕೊಡುವಾಗ ಎನ್‌ಪಿಸಿಐ ಮ್ಯಾಪಿಂಗ್ ಅಂತಲೇ ಹೆಸರು ಹೇಳಿ ಕೇಳಿ.

18 ತುಂಬಿದ ಮೇಲೆ ತಾಯಿಯೇ ಆದರೂ ಖಾತೆ ನಡೆಸೋಕೆ ಬ್ಯಾಂಕಿನವರು ಕಾಗದ ಕೇಳುತ್ತಾರೆ. ಅದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಪೋಷಕತ್ವದ ಪ್ರಮಾಣಪತ್ರ ಇದೆ. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಕೊಡುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಅದೇ ಟ್ರಸ್ಟಿನ ನಿರಾಮಯ ವಿಮೆಯನ್ನೂ ಮಾಡಿಸಿ, ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ.

ನೋಡಿಕೊಳ್ಳುವವರಿಗೆ ಏನಿದೆ ಅಂತ ಕೇಳಿದರೆ ಮಾತ್ರ ನನಗೆ ಸಂಕಟ ಆಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಆರೈಕೆದಾರರ ಭತ್ಯೆಯ ಮಾತಿದೆ. ರಾಜ್ಯದ 2024-25ರ ಬಜೆಟ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಅಂತ ಘೋಷಣೆಯೂ ಆಯಿತು, ಆದರೆ ಅದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಶೇ 90 ಅಂತ ಬರೆದ ಮಗನನ್ನು ಒಂದು ಗಳಿಗೆ ಬಿಟ್ಟಿರೋಕಾಗದೆ ಕೂಲಿ ಬಿಟ್ಟ ಅಮ್ಮ ಆ ಪಟ್ಟಿಯಲ್ಲಿಲ್ಲ. ಅವರೂ ಸೇರಬೇಕಲ್ವಾ? ಬೌದ್ಧಿಕ ಅಂಗವೈಕಲ್ಯವನ್ನೂ ಸೇರಿಸಿ ಅಂತ ಇಲಾಖೆಗೆ ಮನವಿ ಬರೆದಿದ್ದೇನೆ. ನಮ್ಮ ಪಂಚಾಯಿತಿಯಲ್ಲಿ ಇಂಥ ಮಕ್ಕಳಿರುವ ಬೇರೆ ಮನೆಗಳಿಗೂ ವಿಆರ್‌ಡಬ್ಲ್ಯು ಜತೆ ಹೋಗಿ ಸಹಿ ಹಾಕಿಸುತ್ತಿದ್ದೇವೆ.