ಐದು ಡಿವಿಡಿಗಳ ಡೆಬಿಯನ್: ಹಂಚಲು ನಿಜಕ್ಕೂ ತಗುಲಿದ್ದೇನು?

ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಲಿನಕ್ಸ್ ವ್ಯವಸ್ಥೆ ಡೆಬಿಯನ್. 2009ರ ಫೆಬ್ರವರಿಯಲ್ಲಿ ಅದರ 5.0 ಆವೃತ್ತಿ ಬಂತು. ಸಾಧಾರಣ ಪಿಸಿಗೆ ಬೇಕಾದ ತಂತ್ರಾಂಶಗಳ ಪೂರ್ತಿ ಸಂಗ್ರಹವೇ ಐದು ಡಿವಿಡಿ. ಸಿಡಿಗೆ ಬರೆಯಹೊರಟರೆ ಮೂವತ್ತರ ಹತ್ತಿರ. ನನ್ನ ಬ್ರಾಡ್‌ಬ್ಯಾಂಡ್‌ನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಶುಲ್ಕವಿರಲಿಲ್ಲ. 2 ಎಂಬಿಪಿಎಸ್ ವೇಗ ಪೂರ್ತಿ ಸಿಕ್ಕರೆ ಒಂದು ಡಿವಿಡಿಗೆ ಐದು ಗಂಟೆ ಚಿಲ್ಲರೆ, ಅಂದರೆ ರಾತ್ರಿಗೊಂದು. ಸಣ್ಣ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೆ ಅದೂ ಇರಲಿಲ್ಲ. ಹಾಗಾಗಿ ನಾನೇ ಬರೆದು ಅಂಚೆಗೆ ಹಾಕತೊಡಗಿದೆ.

ಖಾಲಿ ಡಿವಿಡಿಯ ಡಬ್ಬದ ಮೇಲೆ 4.7 ಜಿಬಿ ಎಂದಿರುತ್ತದೆ, ಕಂಪ್ಯೂಟರ್ ತೋರಿಸುವುದು 4.38. ಇದು ಮೋಸವಲ್ಲ. ತಯಾರಕರು ಸಾವಿರದಿಂದ ಗುಣಿಸುತ್ತಾರೆ, ಕಂಪ್ಯೂಟರ್ 1024ರಿಂದ. ಐವತ್ತರ ಡಬ್ಬ ಕೊಂಡರೆ ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ ಬೀಳುತ್ತಿತ್ತು. ಜಿಬಿಗೆ ಎರಡೂವರೆ ರೂಪಾಯಿ ಎನ್ನಿ. 8.5 ಜಿಬಿಯ ಎರಡು ಪದರದ ಡಿವಿಡಿಯ ಬೆಲೆ ದುಪ್ಪಟ್ಟಿಗಿಂತ ಎಷ್ಟೋ ಹೆಚ್ಚಿತ್ತು, ಅದರ ಗೊಡವೆಗೇ ಹೋಗಲಿಲ್ಲ.

ಆದರೆ ಖಾಲಿ ಡಿವಿಡಿಯ ಬೆಲೆ ಖರ್ಚಿನಲ್ಲಿ ಸಣ್ಣ ಪಾಲು. ನಿಜವಾದ ಖರ್ಚು ಸಮಯದ್ದು. 16ಎಕ್ಸ್ ವೇಗವಿದ್ದರೂ ನಾನು 8ಎಕ್ಸ್‌ನಲ್ಲೇ ಬರೆಯುತ್ತಿದ್ದೆ. ಎಂಟು ಹತ್ತು ನಿಮಿಷ ಬರೆಯಲು, ಹೆಚ್ಚುಕಡಿಮೆ ಅಷ್ಟೇ ಹೊತ್ತು ಮತ್ತೆ ಓದಿಸಿ ಎಂಡಿ5 ಮೊತ್ತ (ನಕಲು ಮೂಲದಂತೆಯೇ ಇದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಲು. ಈ ಪರೀಕ್ಷೆಯನ್ನು ಬಿಡಲೇಬಾರದು. ಡಿವಿಡಿಯಲ್ಲಿ ಬರವಣಿಗೆ ಒಳಗಿನ ಸುತ್ತಿನಿಂದ ಹೊರಕ್ಕೆ ಸಾಗುತ್ತದೆ. ಭರ್ತಿಯಾದ ಡಿವಿಡಿಯ ಕೊನೆಯ ಕಡತಗಳು ಅಂಚಿನಲ್ಲಿರುತ್ತವೆ. ಬೆರಳು ತಾಗುವುದು, ಗೀರು ಬೀಳುವುದು ಅಲ್ಲೇ. ಮೊದಲರ್ಧ ಚೆನ್ನಾಗಿ ಓದಿತೆಂದು ನಂಬಿ ಕಳುಹಿಸಿದರೆ, ಪಡೆದವರು ಅನುಸ್ಥಾಪನೆಯ ನಡುವೆ ಸಿಕ್ಕಿಬೀಳುತ್ತಾರೆ.

ಅಂಚೆ ದರ ತೂಕದ ಮೇಲೆ. ಡಿವಿಡಿ ಹದಿನೈದು ಹದಿನಾರು ಗ್ರಾಂ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಅದರ ಹಲವು ಪಟ್ಟು. ಆದ್ದರಿಂದ ಕಾಗದದ ಚೀಲ, ಎರಡೂ ಬದಿಗೆ ಒಂದೊಂದು ರಟ್ಟು, ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಉಳಿತಾಯವಾದದ್ದು ಡೆಬಿಯನ್ ತಂಡದವರ ಜಾಣ್ಮೆಯಿಂದ. ಅವರು ತಂತ್ರಾಂಶಗಳನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸುತ್ತಾರೆ: ಹೆಚ್ಚು ಜನ ಬಳಸುವುದೆಲ್ಲ ಮೊದಲ ಡಿವಿಡಿಯಲ್ಲಿ, ಅಪರೂಪದ್ದು ಕೊನೆಯದರಲ್ಲಿ. ಬಹುಪಾಲು ಜನರಿಗೆ ಮೊದಲನೆಯದೇ ಸಾಕು. ಹಾಗಾಗಿ ಕೇಳಿದವರಿಗೆಲ್ಲ ಅದೊಂದನ್ನೇ ಕಳುಹಿಸಿದೆ. ಪೂರ್ತಿ ಕಟ್ಟು ಕಾಲೇಜಿಗೊಂದು, ಬೇಕಾದವರು ಅಲ್ಲಿಂದಲೇ ನಕಲು ಮಾಡಿಕೊಳ್ಳಲಿ ಎಂದು. ಪರವಾನಗಿ ಅದಕ್ಕೆ ಪೂರ್ಣ ಅನುಮತಿ ಕೊಡುತ್ತದೆ. ಒಬ್ಬರಿಗೆ ಐದು ಕಳುಹಿಸುವ ಹಣದಲ್ಲಿ ಐವರಿಗೆ ತಲುಪಿತು.