ಐಟಿಐ ಸೇರುವ ಮುನ್ನ ವರ್ಕ್‌ಶಾಪ್ ಒಳಗೆ ಒಮ್ಮೆ ಹೋಗಿ ಬನ್ನಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಸೈಬರ್ ಸೆಂಟರ್‌ಗೆ ಓಡಿ, ಅಲ್ಲಿ ಕೂತವರು ಹೇಳಿದ ಟ್ರೇಡನ್ನೇ (ಕಲಿಯುವ ಕಸುಬನ್ನೇ) ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆಯ ಅರ್ಜಿಯಲ್ಲಿ ತುಂಬಿಸಿ ಬರುವ ಮಕ್ಕಳು ಬಹಳ. ಅರ್ಜಿ ತುಂಬುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಮುಂಚೆ ನಾಲ್ಕು ದಿನ ಓಡಾಡಿದರೆ ಆಮೇಲಿನ ಎರಡು ವರ್ಷ ಹಾಳಾಗುವುದಿಲ್ಲ.

ಮೊದಲು ಟ್ರೇಡ್ ತೀರ್ಮಾನಿಸಿ. ಎಲೆಕ್ಟ್ರೀಷಿಯನ್, ಫಿಟ್ಟರ್, ಟರ್ನರ್, ಮೆಷಿನಿಸ್ಟ್ 2 ವರ್ಷದವು. ವೆಲ್ಡರ್, ಕಂಪ್ಯೂಟರ್ ಕಲಿಸುವ ಕೋಪಾ 1 ವರ್ಷದವು. ವೆಲ್ಡರ್, ವೈರ್‌ಮನ್‌ನಂಥ ಕೆಲವಕ್ಕೆ 8ನೇ ತರಗತಿ ಪಾಸಾಗಿದ್ದರೂ ಸಾಕು. ಹೆಸರು ಕೇಳಿ ಮೋಸಹೋಗಬೇಡಿ. ಫಿಟ್ಟರ್ ಎಂದರೆ ನಲ್ಲಿ ಜೋಡಿಸುವವನಲ್ಲ. ಲೋಹದ ತುಂಡನ್ನು ಅರದಿಂದ ಉಜ್ಜಿ, ಕೊರೆದು, ಅಳತೆಗೆ ತಂದು ಯಂತ್ರದ ಭಾಗಗಳನ್ನು ಕೂಡಿಸುವವನು. ಶುರುವಿನ ವಾರಗಳೆಲ್ಲ ತುಂಡನ್ನು ಬಿಗಿಹಿಡಿಯುವ ವೈಸ್ ಮುಂದೆ ನಿಂತು ಅರ ಹಾಕುವುದರಲ್ಲೇ ಕಳೆಯುತ್ತವೆ. ನಿಂತು ಕೆಲಸ ಮಾಡಲು ಆಗದವರಿಗೆ ಇದು ಕಷ್ಟ. ಎಲೆಕ್ಟ್ರೀಷಿಯನ್ ಬೇಕೆನ್ನುವವರು ಅರ್ಜಿಗೆ ಮುಂಚೆಯೇ ಕಣ್ಣಿನ ವೈದ್ಯರ ಹತ್ತಿರ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿಕೊಳ್ಳಿ. ಕೆಂಪು-ಹಸಿರು ಗೊಂದಲ ಇರುವವರಿಗೆ ವೈರಿನ ಬಣ್ಣ ತಪ್ಪಿದರೆ ಜೀವಕ್ಕೇ ಅಪಾಯ. ರೈಲ್ವೆಯ ಅಸಿಸ್ಟೆಂಟ್ ಲೋಕೊ ಪೈಲಟ್ (ಸಹಾಯಕ ರೈಲು ಚಾಲಕ) ಹುದ್ದೆಯ ಕನಸಿದ್ದರಂತೂ ಈ ಪರೀಕ್ಷೆ ತಪ್ಪಿದ್ದಲ್ಲ.

ಟ್ರೇಡ್ ಗೊತ್ತಾದ ಮೇಲೆ ಓಡಾಡಲು ಸಿಗುವ ನಾಲ್ಕಾರು ಐಟಿಐಗಳ ಪಟ್ಟಿ ಮಾಡಿ, ತರಗತಿ ನಡೆಯುವ ದಿನವೇ ಹೋಗಿ. ಕಟ್ಟಡವನ್ನಲ್ಲ, ವರ್ಕ್‌ಶಾಪನ್ನು ನೋಡಬೇಕು. ಫಿಟ್ಟರ್ ವಿಭಾಗದಲ್ಲಿ ವೈಸ್‌ನ ದವಡೆಗಳು ಸವೆದು ನುಣುಪಾಗಿದ್ದರೆ ತುಂಡು ಜಾರುತ್ತದೆ, ಅರ ಅಲುಗಾಡುತ್ತದೆ. ಅರ ತೊಟ್ಟಿಲಿನಂತೆ ತೂಗಿದರೆ ಮಧ್ಯ ಉಬ್ಬಿ ಅಂಚುಗಳು ತಗ್ಗುತ್ತವೆ. ಆ ತುಂಡಿಗೆ ಮೂಲೆಮಟ್ಟ ನೋಡುವ ಟ್ರೈ ಸ್ಕ್ವೇರ್ ಒತ್ತಿ ಕಿಟಕಿಯ ಕಡೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ಸೋರುವುದು ಕಾಣುತ್ತದೆ. ಒಳ್ಳೆಯ ಶಿಕ್ಷಕರು ಆ ಬೆಳಕು ಮುಚ್ಚುವವರೆಗೆ ಮುಂದಿನ ಕೆಲಸ ಕೊಡುವುದಿಲ್ಲ. ಅಲ್ಲಿನ ವಿದ್ಯಾರ್ಥಿಯೊಬ್ಬನನ್ನು ‘ನೀನು ಮಾಡಿದ ಜಾಬ್ ತೋರಿಸಪ್ಪ’ ಎಂದು ಕೇಳಿ. ಅಭ್ಯಾಸಕ್ಕೆ ಮಾಡಿದ ತುಂಡಿಗೆ ಅಲ್ಲಿ ಜಾಬ್ ಎನ್ನುತ್ತಾರೆ. ತೋರಿಸಲು ಏನೂ ಇಲ್ಲದಿದ್ದರೆ ನಿಮಗೆ ಉತ್ತರ ಸಿಕ್ಕಿತು. ವೆಲ್ಡಿಂಗ್‌ನಲ್ಲಿ ಬೂತ್ ಎಷ್ಟಿವೆ, ಬಿಸಾಡಿದ ಎಲೆಕ್ಟ್ರೋಡ್ (ವೆಲ್ಡಿಂಗ್ ಕಡ್ಡಿ) ತುಂಡುಗಳು ನೆಲದ ಡಬ್ಬಿಯಲ್ಲಿ ತುಂಬಿವೆಯೇ ನೋಡಿ. ಡಬ್ಬಿ ಖಾಲಿಯಿದ್ದರೆ ಅಲ್ಲಿ ಕಲಿಕೆಯೂ ಖಾಲಿ.

ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ, ರೊಬೊಟಿಕ್ಸ್ ಯಂತ್ರಗಳು ಹಳ್ಳಿಯ ಮಕ್ಕಳ ಕೈಗೆ ಸಿಗುವಂತಾದದ್ದು ಸಣ್ಣ ಮಾತಲ್ಲ. ಆದರೂ ಒಂದು ಯಂತ್ರಕ್ಕೆ ಎಷ್ಟು ಮಂದಿ, ವಾರಕ್ಕೆ ಎಷ್ಟು ತಾಸು ಸಿಗುತ್ತದೆ ಎಂದು ಕೇಳಿಯೇ ಬನ್ನಿ.

ಖಾಸಗಿ ಸಂಸ್ಥೆಯಾದರೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಮಾನ್ಯತೆ ಸಿಗುವುದು ಸಂಸ್ಥೆಗೆ ಇಡಿಯಾಗಿ ಅಲ್ಲ, ಟ್ರೇಡಿಗೆ, ಅದರ ಒಂದೊಂದು ಯೂನಿಟ್ಟಿಗೆ (ಬ್ಯಾಚಿಗೆ). ಫಿಟ್ಟರ್‌ಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದ್ದು ಎಲೆಕ್ಟ್ರೀಷಿಯನ್‌ಗೆ ಇಲ್ಲದಿರಬಹುದು. ನೀವು ಸೇರುವ ಟ್ರೇಡಿನ ಮಾನ್ಯತೆ ಪತ್ರ ಕೇಳಿ ನೋಡಿ, ಐಟಿಐಗಳ ಸರ್ಕಾರಿ ಪೋರ್ಟಲ್‌ನಲ್ಲೂ ತಾಳೆ ನೋಡಿಕೊಳ್ಳಿ, ಆಮೇಲೆ ಶುಲ್ಕ ಕಟ್ಟಿ.

ಇನ್ನು ಕಾಗದಪತ್ರ. ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಅನ್ವಯಿಸುವವರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪತ್ರ, ಕಲ್ಯಾಣ ಕರ್ನಾಟಕದವರಿಗೆ 371-ಜೆ ಪತ್ರ. ಆದಾಯ ಪತ್ರದ ಅವಧಿ ಮುಗಿದಿದೆಯೇ ನೋಡಿ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದೇ ಇದ್ದರೆ ಮೊದಲು ಆಧಾರ್ ತಿದ್ದಿಸಿ. ಸೇರಿದ ಮೇಲೆ ಪೋರ್ಟಲ್‌ಗೆ ಏರಿಸಿದ ವಿವರಗಳ ಪ್ರತಿ ಕೇಳಿ ಪಡೆದು ನಿಮ್ಮ ಹೆಸರು, ತಂದೆ-ತಾಯಿಯ ಹೆಸರು, ಜನ್ಮದಿನಾಂಕವನ್ನು ಅಕ್ಷರ ಅಕ್ಷರವಾಗಿ ಓದಿ. ಪ್ರಮಾಣಪತ್ರ ಬಂದ ಮೇಲೆ ಒಂದಕ್ಷರ ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಆಯ್ಕೆ ತುಂಬುವಾಗ ಒಂದೆರಡಕ್ಕೇ ನಿಲ್ಲಿಸಬೇಡಿ. ಇಷ್ಟದ ಟ್ರೇಡ್ ದೂರದ ಐಟಿಐನಲ್ಲಿ ಮೇಲೋ, ಹತ್ತಿರದಲ್ಲಿ ಬೇರೆ ಟ್ರೇಡ್ ಮೇಲೋ ಎಂದು ಮನೆಯಲ್ಲಿ ಕೂತು ಮಾತಾಡಿ ಕ್ರಮ ಹಾಕಿ. ಹಾಸ್ಟೆಲ್ ಸಿಗುವುದಾದರೆ ಟ್ರೇಡಿಗೇ ಮೊದಲ ಮಣೆ ಹಾಕಬೇಕು. ಹತ್ತಿರ ಎಂಬ ಕಾರಣಕ್ಕಷ್ಟೇ ಸೇರಿದರೆ ಮಧ್ಯದಲ್ಲಿ ಬಿಡಬೇಕೆನಿಸಬಹುದು.

ತರಗತಿ ಶುರುವಾದ ಮೇಲೆ ಹಾಜರಾತಿ ಶೇ 80 ಇರಲೇಬೇಕು. ಸುಗ್ಗಿ, ಜಾತ್ರೆ, ಮದುವೆ ಎಂದು ರಜೆ ಹಾಕುತ್ತ ಹೋದವರು ಪರೀಕ್ಷೆಯ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾಗಲು ಶೇ 60 ಬೇಕು, ಥಿಯರಿಯಲ್ಲಿ ಶೇ 33 ಸಾಕು. ಕೈಕೆಲಸಕ್ಕೆ ಎಷ್ಟು ಬೆಲೆ ಎಂಬುದು ಈ ಲೆಕ್ಕದಲ್ಲೇ ಇದೆ. ಪ್ರತಿ ಜಾಬನ್ನೂ ಅಂದೇ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಕೊನೆಯ ವಾರ ಒಟ್ಟಿಗೆ ಬರೆಯಲು ಕೂತರೆ ಅಳತೆಗಳು ನೆನಪಿರುವುದಿಲ್ಲ.

ಪಾಸಾದವರಿಗೆ ಎರಡು ದಾರಿ. 2 ವರ್ಷದ ಟ್ರೇಡ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಪಾಲಿಟೆಕ್ನಿಕ್‌ನ 2ನೇ ವರ್ಷಕ್ಕೆ ಹೋಗಬಹುದು. ಕೆಲಸ ಬೇಕೆನ್ನುವವರು 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಾರ್ಖಾನೆಯಲ್ಲಿ ಕಲಿಯಬಹುದು. ಎಚ್‌ಎಎಲ್‌ನಂಥ ಸಂಸ್ಥೆಗಳು ಐಟಿಐ ಮುಗಿಸಿದವರನ್ನು ಹೀಗೆ ತೆಗೆದುಕೊಳ್ಳುತ್ತವೆ. ಎಚ್ಚರ ಬೇಕಾದದ್ದು ಸಣ್ಣ ಘಟಕಗಳಲ್ಲಿ. ‘ಟ್ರೈನಿ’ ಎಂದು ಸೇರಿಸಿಕೊಂಡು ವರ್ಷವಿಡೀ ದುಡಿಸಿದರೂ, ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಒಪ್ಪಂದ ದಾಖಲಾಗದಿದ್ದರೆ ರಾಷ್ಟ್ರೀಯ ಅಪ್ರೆಂಟಿಸ್ ಪ್ರಮಾಣಪತ್ರ ಸಿಗುವುದಿಲ್ಲ. ಕೆಲಸಕ್ಕೆ ಹೋಗುವ ಮೊದಲ ವಾರದಲ್ಲೇ ಒಪ್ಪಂದದ ಪ್ರತಿ ಕೇಳಿ ಪಡೆದು, ಅದರಲ್ಲಿ ಟ್ರೇಡಿನ ಹೆಸರು, ಅವಧಿ, ಸ್ಟೈಪೆಂಡ್ ಮೂರೂ ಸರಿ ಇವೆಯೇ ನೋಡಿಕೊಳ್ಳಿ.