ಹಿರಿಯರ ಸೊಂಟದ ಮುರಿತ: ಸಿಮೆಂಟ್ ಹಾಕಿ ಕೂರಿಸುವ ಇಂಪ್ಲಾಂಟ್‌ಗಳನ್ನು ಹೋಲಿಸುವ ಬಗೆ

ಇಂಪ್ಲಾಂಟ್‌ಗಳ ಹೆಸರು ಕೇಳುವ ಮೊದಲು, ಮೂಳೆ ಎಲ್ಲಿ ಮುರಿದಿದೆ ಎಂಬುದನ್ನು ವೈದ್ಯರಿಂದ ಸ್ಪಷ್ಟಪಡಿಸಿಕೊಳ್ಳಬೇಕು. ತೊಡೆಮೂಳೆಯ ಕತ್ತು (ಗುಂಡಗಿನ ತಲೆಭಾಗದ ಕೆಳಗಿನ ಸಪೂರ ಭಾಗ) ಮುರಿದು ತುಂಡು ಜರುಗಿದ್ದರೆ, ಮೂಳೆಯ ತಲೆಭಾಗಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳು ಹರಿದಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಿರಿಯರಲ್ಲಿ ಸ್ಕ್ರೂ ಹಾಕಿ ಕೂಡಿಸುವ ಬದಲು ಆ ತಲೆಯನ್ನೇ ತೆಗೆದು ಕೃತಕ ಕೀಲು ಇಡುವುದು ರೂಢಿ. ಅದಕ್ಕಿಂತ ಕೆಳಗಿನ ಮುರಿತಕ್ಕೆ ಸಾಮಾನ್ಯವಾಗಿ ರಾಡ್ ಅಥವಾ ಪ್ಲೇಟ್ ಬಳಸುವುದರಿಂದ ಮುಂದಿನ ಹೋಲಿಕೆ ಅದಕ್ಕೆ ಅನ್ವಯಿಸದು.

ಇಂಪ್ಲಾಂಟನ್ನು ಮೂಳೆಯೊಳಗೆ ಭದ್ರವಾಗಿ ಹಿಡಿಸುವ ಸಿಮೆಂಟ್ ಬೇಕೇ ಎಂಬ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾಗಿದೆ. ಅರವತ್ತು ವರ್ಷ ಮೇಲ್ಪಟ್ಟ 1,225 ರೋಗಿಗಳನ್ನು ಒಳಗೊಂಡು ಬ್ರಿಟನ್ನಿನಲ್ಲಿ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಮೆಂಟ್ ಹಾಕಿಸಿಕೊಂಡವರ ಜೀವನದ ಗುಣಮಟ್ಟ ನಾಲ್ಕು ತಿಂಗಳ ಹೊತ್ತಿಗೆ ಉತ್ತಮವಾಗಿತ್ತು. ಇಂಪ್ಲಾಂಟ್ ಸುತ್ತ ಮೂಳೆ ಮುರಿದದ್ದು ಅವರಲ್ಲಿ ಶೇ 0.5, ಸಿಮೆಂಟ್ ಇಲ್ಲದೆ ಕೂರಿಸಿಕೊಂಡವರಲ್ಲಿ ಶೇ 2.1. ಆದರೆ ಸಿಮೆಂಟನ್ನು ಒತ್ತಿ ತುಂಬುವ ಹೊತ್ತಿನಲ್ಲಿ ರಕ್ತದೊತ್ತಡ ಮತ್ತು ಆಮ್ಲಜನಕದ ಮಟ್ಟ ಕುಸಿಯುವ ಅಪಾಯವುಂಟು. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರ ವಿಷಯವನ್ನು ಅರಿವಳಿಕೆ ತಜ್ಞರೊಡನೆ ಮೊದಲೇ ಮಾತನಾಡಿಕೊಳ್ಳಬೇಕು.

ಬಳಿಕ, ಅರ್ಧ ಕೀಲೋ (ತೊಡೆಮೂಳೆಯ ತಲೆಯನ್ನಷ್ಟೇ ಬದಲಿಸುವುದು) ಪೂರ್ಣ ಕೀಲೋ (ತಲೆಯ ಜೊತೆಗೆ ಅದು ಕೂರುವ ಸೊಂಟದ ಬಟ್ಟಲನ್ನೂ ಬದಲಿಸುವುದು) ಎಂದು ನೋಡಬೇಕು. ಇದನ್ನು ತೀರ್ಮಾನಿಸಬೇಕಾದದ್ದು ವಯಸ್ಸಿಗಿಂತ ಹೆಚ್ಚಾಗಿ ಬೀಳುವ ಮುನ್ನ ರೋಗಿ ಹೇಗೆ ನಡೆದಾಡುತ್ತಿದ್ದರು ಎಂಬ ಸಂಗತಿ. ಹೊರಗೆ ತಾವಾಗಿಯೇ, ಹೆಚ್ಚೆಂದರೆ ಒಂದು ಕೋಲು ಹಿಡಿದು ಓಡಾಡುತ್ತಿದ್ದವರಿಗೆ, ಮರೆವಿನ ಕಾಯಿಲೆ ಇಲ್ಲದವರಿಗೆ ಪೂರ್ಣ ಕೀಲು ಪರಿಗಣನಾರ್ಹ. ಹಾಗಿದ್ದರೂ 2019ರ ದೊಡ್ಡ ಅಧ್ಯಯನವೊಂದರಲ್ಲಿ ಇವೆರಡರ ನಡುವೆ ಎರಡು ವರ್ಷದೊಳಗಿನ ಮರುಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ, ನಡಿಗೆಯ ಲಾಭವೂ ಅಲ್ಪವೇ ಆಗಿತ್ತು.

ನಿಜವಾದ ಹೋಲಿಕೆ ನಡೆಯಬೇಕಾದದ್ದು ಮೂಳೆಯೊಳಗೆ ಇಳಿಯುವ ಸ್ಟೆಮ್‌ನ ವಿನ್ಯಾಸದಲ್ಲಿ. ಥಾಂಪ್ಸನ್ ಮಾದರಿಯಲ್ಲಿ ತಲೆಯೂ ಸ್ಟೆಮ್ಮೂ ಒಂದೇ ಲೋಹದ ತುಂಡು. ಎಕ್ಸೆಟರ್‌ನಂಥ ಮಾದರಿಗಳಲ್ಲಿ ತಲೆ ಬೇರೆ, ಆದ್ದರಿಂದ ಕಾಲಿನ ಉದ್ದವನ್ನು ಹೊಂದಿಸಲು ಅವಕಾಶವಿದೆ, ಮುಂದೆ ಬಟ್ಟಲು ಸವೆದರೆ ಸ್ಟೆಮ್ ಉಳಿಸಿಕೊಂಡೇ ಪೂರ್ಣ ಕೀಲಿಗೆ ಬದಲಿಸಬಹುದು. ನಾಲ್ಕು ತಿಂಗಳ ಹೊತ್ತಿನ ಜೀವನದ ಗುಣಮಟ್ಟದಲ್ಲಿ ಇವೆರಡರ ನಡುವೆ ವ್ಯತ್ಯಾಸ ಕಾಣದಿದ್ದರೂ, ಥಾಂಪ್ಸನ್ ಬದಲು ಬಹುಕಾಲದ ದಾಖಲೆ ಇರುವ ಸ್ಟೆಮ್ಮನ್ನೇ ಆರಿಸಬೇಕೆಂದು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಸೂಚಿಸಿತು. ಆ ಸಲಹೆ ನನಗೆ ಸರಿಯೆನಿಸುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನುಣುಪಾದ, ಕೆಳಗೆ ಸಪೂರವಾಗುವ ಸ್ಟೆಮ್ ಸಿಮೆಂಟಿನೊಳಗೆ ಬೆಣೆಯಂತೆ ಕೊಂಚ ಇಳಿದು ಬಿಗಿಯಾಗುತ್ತದೆ. ಆದರೆ ಮತ್ತೆ ಬಿದ್ದಾಗ ಅದರ ಸುತ್ತ ಮೂಳೆ ಸೀಳುವ ಪ್ರಮಾಣ, ಒರಟು ಮೈಯ ಸ್ಟೆಮ್‌ಗಳಿಗಿಂತ ಹೆಚ್ಚೆಂದು ನಾರ್ಡಿಕ್ ದೇಶಗಳ ದಾಖಲೆಗಳು ತೋರಿಸಿವೆ. ಹತ್ತು ವರ್ಷದ ಬಾಳಿಕೆಯ ಅಂಕಿಅಂಶಗಳು ಬಹುಪಾಲು ಸಂಧಿವಾತದ ರೋಗಿಗಳಿಂದ ಬಂದವು ಎಂಬುದನ್ನೂ ಮರೆಯಬಾರದು; ಮುರಿತದ ರೋಗಿಯ ಮೂಳೆ ಅಷ್ಟು ಗಟ್ಟಿಯಿರುವುದಿಲ್ಲ.

ಬೈಪೋಲಾರ್ ತಲೆಗೆ (ಒಂದರೊಳಗೊಂದು ತಿರುಗುವ ಎರಡು ಭಾಗಗಳ ತಲೆ) ಹೆಚ್ಚು ಹಣ ಕೊಡುವ ಮುನ್ನ ಕಾರಣ ಕೇಳಿ. ಸರಳ ತಲೆಗಿಂತ ಅದು ಮೇಲೆಂಬುದಕ್ಕೆ ಗಟ್ಟಿ ಆಧಾರ ಕಡಿಮೆ. ಎರಡು ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನಿಂದಲೂ, ಒಂದೇ ಬೆರೆಸಿದ್ದಕ್ಕೆ ಹೋಲಿಸಿದರೆ, ಆಳದ ಸೋಂಕು ಗಣನೀಯವಾಗಿ ಇಳಿಯಲಿಲ್ಲವೆಂದು 2023ರ ಅಧ್ಯಯನ ಹೇಳಿದೆ. ಎರಡು ಸ್ಟೆಮ್‌ಗಳು ಸರಿಸಮವೆನಿಸಿದರೆ, ಶಸ್ತ್ರಚಿಕಿತ್ಸಕರು ದಿನನಿತ್ಯ ಬಳಸುವುದನ್ನೇ ಒಪ್ಪಿಕೊಳ್ಳಿ. ಬಿಡುಗಡೆಯ ಹೊತ್ತಿಗೆ ಇಂಪ್ಲಾಂಟ್ ಪೊಟ್ಟಣದ ಸ್ಟಿಕ್ಕರ್‌ಗಳ ಪ್ರತಿ ಕೇಳಿ ಪಡೆಯಿರಿ: ಮುಂದೊಮ್ಮೆ ತಲೆ ಬದಲಿಸಬೇಕಾದರೆ ಸ್ಟೆಮ್‌ನ ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ತಿಳಿಯುವುದು ಅದರಿಂದಲೇ.